ಗುಂಡಿ

ಠಾಣೆಯ ಹಿಂಗೋಣೆಯಲ್ಲಿ
ಬೂಟಿನ ಡಬ್ಬಿಗಳು ನಲವತ್ತೊಂದು.
ಒಳಗೆ, ಹಳೆ ಪತ್ರಿಕೆಯಲ್ಲಿ ಸುತ್ತಿ,
ನಮಾಕ್ವಾ ಬೆಟ್ಟಗಳಿಂದ ಕಿತ್ತು ತಂದ ಗಿಡಗಳು.
ಗಿಡವೆಂದರೆ ಏನು,
ಕಡಲೆಗಿಂತ ಒಂದಿಷ್ಟು ದಪ್ಪ;
ಎರಡೆಲೆ ಒಂದಾಗಿ ಊದಿಕೊಂಡ ಹಸಿರು,
ನಡುವೆ ಬಿಗಿದ ತುಟಿಯಂಥ ಸೀಳು.

ನ್ಯಾಯಾಲಯಕ್ಕೆ ಲೆಕ್ಕ ಬೇಕು.
ಮೂರು ಸಾವಿರದ ಇನ್ನೂರ ಹದಿನೆಂಟು
ಎಂದು ಬರೆದ ಅಬ್ರಾಮ್ ಓಬಿಸ್.
ಮೇಜಿನಡಿ ಒಂದು ಉರುಳಿತ್ತು.
ಮಂಡಿಯೂರಿ ಹೆಕ್ಕಿ
ಎಂಟನ್ನು ಒಂಬತ್ತು ಮಾಡಿದ.

ಬುತ್ತಿ ತಂದ ತಾಯಿ ಹೆಸ್ಟರ್,
ಐವತ್ತು ವರ್ಷ ಆಡು ಮೇಯಿಸಿದವಳು,
ಒಂದನ್ನು ಅಂಗೈಗಿಟ್ಟು
ಕನ್ನಡಕ ಹಣೆಗೇರಿಸಿದಳು.
"ಇದು ಕತ್ತೆಬಂಡೆಯ ತೆಂಕಣ ಮಗ್ಗುಲಿನದು.
ಈ ಕೆಂಪು ಚುಕ್ಕಿ
ಅಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ."

ಅಲ್ಲಿ ಮಳೆಯೆಂದರೆ ಬರೀ ಸುದ್ದಿ.
ಬೆಳಗಿನ ಜಾವ ಕಡಲಿಂದ ಮಂಜು ಹತ್ತಿ ಬಂದು
ಬೆಣಚುಕಲ್ಲು ಬೆವರುತ್ತದೆ.
ಆ ಬೆವರಷ್ಟೇ ಇದರ ಪಾಲು.
ಬೇಸಿಗೆಗೆ
ಹೋದ ವರ್ಷದ ಮೈ ಒಣಗಿ ಕಾಗದವಾಗಿ
ಅದನ್ನೇ ಹೊದ್ದು ಮಲಗುತ್ತದೆ
ಈ ವರ್ಷದ ಮೈ.

ಅವರ ಮಾತಿನಲ್ಲೂ ಇದಕ್ಕೆ
ಅಂಗಿಯ ಗುಂಡಿಯದೇ ಹೆಸರು.
ಕಿತ್ತ ಮೇಲೆ ನೆಲದಲ್ಲಿ ಉಳಿಯುವುದಕ್ಕೂ
ಗುಂಡಿ ಎನ್ನುವುದು
ನನ್ನ ಮಾತಿನಲ್ಲಿ.

"ಒಯ್ದು ನೆಟ್ಟುಬಿಡೋಣವೇ?" ಎಂದಳು.
"ಆಗೋದಿಲ್ಲ. ಸಾಕ್ಷಿ ಇವು.
ಯಾವುದು ಯಾವ ಕಲ್ಲಿನದೋ,
ಡಬ್ಬಿಯಲ್ಲಿ ಯಾವ ರೋಗ ಹತ್ತಿದೆಯೋ."
ಸ್ವಲ್ಪ ತಡೆದು,
"ಅಮ್ಮಾ, ಕತ್ತೆಬಂಡೆಯ ದಾರಿ
ನಿನಗೆ, ನನಗೆ ಬಿಟ್ಟರೆ..."

ಹೆಸ್ಟರ್ ಬುತ್ತಿಯ ಮುಚ್ಚಳ ಬಿಗಿಮಾಡಿದಳು.
ತಂಗಿಯ ಮಗ ಬೈಕಿನಲ್ಲಿ ಕೂರಿಸಿಕೊಂಡು ಹೋಗಿದ್ದ,
ಆಡು ತಪ್ಪಿಸಿಕೊಂಡಿದೆ ದೊಡ್ಡಮ್ಮಾ ಎಂದು.
ಮರುವಾರ ಹಿಟ್ಟಿನ ಮೂಟೆ ಇಳಿಸಿದ್ದ, ಸಕ್ಕರೆ,
ಹೂವಿನ ಚಿತ್ರದ ಒಂದು ಫ್ಲಾಸ್ಕು.
ಆಡು ಸಿಕ್ಕಿತೇ ಎಂದು
ಅವಳು ಕೇಳಿರಲಿಲ್ಲ.
ಈಗಲೂ ಏನೂ ಹೇಳಲಿಲ್ಲ.
ಗಿಡವನ್ನು ಡಬ್ಬಿಗೆ ಮರಳಿಸಿ
ಬೆರಳ ಮಣ್ಣನ್ನು
ಸೆರಗಿಲ್ಲದ ಬಟ್ಟೆಗೆ ಒರೆಸಿಕೊಂಡು ಹೋದಳು.

ರಾತ್ರಿ ಪಾಳಿ.
ಹತ್ತರ ಹೊತ್ತಿಗೆ ಕೋಣೆಯಲ್ಲಿ ಏನೋ ಪರಿಮಳ;
ಫಿನಾಯಿಲಿನದಲ್ಲ.
ಏಳನೇ ಡಬ್ಬಿ ತೆರೆದ.
ಬೇರು ಹರಿದ ಒಂದು ಗುಂಡಿ
ತುಟಿ ಬಿಚ್ಚಿ
ಕೂದಲೆಳೆಯ ದಳಗಳನ್ನು, ಮಾಸಲು ಹಳದಿ,
ಪತ್ರಿಕೆಯ ಕ್ರಿಕೆಟ್ ಪುಟದ ಮೇಲೆ ಹರಡಿತ್ತು.
ನೀರಿಲ್ಲ, ಮಣ್ಣಿಲ್ಲ,
ತಿಂಗಳು ಮಾತ್ರ ತಪ್ಪಿಲ್ಲ.

ದಾಖಲೆ ಪುಸ್ತಕದ ಷರಾ ಕಾಲಮಿನಲ್ಲಿ ಬರೆದ:
ಡಬ್ಬಿ ಏಳು. ಹೂ ಬಿಟ್ಟಿದೆ.
ವೇಳೆ ಹಾಕಿದ. ಸಹಿ ಹಾಕಿದ.
ಆಮೇಲೆ, ನಿಯಮದಲ್ಲಿ ಇರದಿದ್ದರೂ,
ದೀಪ ಆರಿಸಿ ಕಿಟಕಿ ತೆರೆದಿಟ್ಟ,
ಪತಂಗ ಬಂದರೆ ಬರಲಿ ಎಂದು.