ಮಣ್ಣಿನ ಖಾತೆ

ಪೆಕಲೊಂಗಾನಿನ ಉತ್ತರದ ಓಣಿಯಲ್ಲಿ
ಬು ವಿರಾಂತಿಯವರ ಬಾಟಿಕ್ ಕಾರ್ಖಾನೆಗೆ
ಲೆಕ್ಕ ಬರೆಯುವವಳು ನಾನು, ಹತ್ತೊಂಬತ್ತು ವರ್ಷದಿಂದ.
ಮೇಣಕ್ಕೆ ಒಂದು ಖಾತೆ, ಬಣ್ಣಕ್ಕೆ ಒಂದು,
ಸೌದೆ, ಸೀಮೆಎಣ್ಣೆ, ಹಬ್ಬದ ಮುಂಗಡ.
ಮಣ್ಣಿಗೆ ಖಾತೆ ಇರಲಿಲ್ಲ.

ಸಮುದ್ರ ಮೊದಲು ಒಳಗೆ ಬಂದದ್ದು ಒಂದು ಹುಣ್ಣಿಮೆ.
ಮಳೆಯಿಲ್ಲ, ಗಾಳಿಯಿಲ್ಲ,
ಚರಂಡಿಯಿಂದ ಮೇಲೆದ್ದು
ಚಪ್ಪಲಿ ಬಿಡುವ ಜಾಗದಲ್ಲಿ
ಕರೆಯದ ನೆಂಟನ ಹಾಗೆ ನಿಂತಿತು.
ಎಂಟು ಲಾರಿ ಮಣ್ಣು ತರಿಸಿ ನೆಲ ಏರಿಸಿದೆವು.
‘ದುರಸ್ತಿ’ ಎಂದು ಬರೆದೆ.

ಎರಡನೆಯ ಸಲ ಹನ್ನೊಂದು ಲಾರಿ.
ಮೂರನೆಯ ಸಲಕ್ಕೆ ಕಿಟಕಿಯೇ ಕಟ್ಟೆಯಾಯಿತು,
ಕೂರಲು ಅನುಕೂಲ ಎಂದರು ಹೆಂಗಸರು.
ನಾಲ್ಕನೆಯ ಸಲ ಫ್ಯಾನು ಬಿಚ್ಚಿದೆವು,
ಯಾರದಾದರೂ ಕಿವಿ ಹಾರೀತೆಂದು.
ನೆಲ ಏರುತ್ತ ಹೋಯಿತು, ಸೂರು ಇದ್ದಲ್ಲೇ ಇತ್ತು.
ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಹಳೆಯ ಮಾತು,
ನಮ್ಮಲ್ಲಿ ಸೂರು ಇದ್ದಷ್ಟೇ ತಲೆ.

ಅಚ್ಚು ಒತ್ತುವ ತರ್ಜೋನೊ ಎತ್ತರದ ಆಳು.
ತಾಮ್ರದ ಅಚ್ಚನ್ನು ಮೇಣಕ್ಕೆ ಅದ್ದಿ
ಬಟ್ಟೆಯ ಮೇಲೆ ಬಗ್ಗುತ್ತಿದ್ದವನು
ಈಗ ಬಗ್ಗಿಯೇ ಬರುತ್ತಾನೆ, ಬಗ್ಗಿಯೇ ಹೋಗುತ್ತಾನೆ.
ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು:
ಹಿಂಬಾಗಿಲ ತೊಲೆ ದಿನಕ್ಕೊಮ್ಮೆ ಹಣೆಗೆ.
ತೊಲೆಗೆ ಹಳೆಯ ಸರೋಂಗ್ ಸುತ್ತಿದೆವು.
ಅದೂ ಖರ್ಚೇ. ಬರೆಯಲಿಲ್ಲ.

ಸಾಲ ಕೇಳಿದ್ದಕ್ಕೆ ಬ್ಯಾಂಕಿನ ಹುಡುಗ ಬಂದ,
ಪ್ಯಾಂಟು ಮಡಚಿ, ಶೂ ಕೈಯಲ್ಲಿ ಹಿಡಿದು.
‘ಹವಾಮಾನದ ಅಪಾಯಕ್ಕೆ ನಿಮ್ಮ ಯೋಜನೆ ಏನು?’
ಬು ವಿರಾಂತಿ ಗೋಡೆ ತೋರಿಸಿದರು.
ಗಡಿಯಾರದ ಪಕ್ಕ ಉಬ್ಬರದ ಪಟ್ಟಿ:
ಮಧ್ಯಾಹ್ನ ಉಬ್ಬರವಿದ್ದರೆ ನಸುಕಿಗೆ ಕೆಲಸ,
ನಸುಕಿನಲ್ಲಿದ್ದರೆ ರಾತ್ರಿ.
ಬಣ್ಣದ ಪುಡಿ ಅಟ್ಟದಲ್ಲಿ.
ಒಲೆಗಳು ಸರಪಳಿಯಲ್ಲಿ, ಎಳೆದರೆ ಏರುತ್ತವೆ.
ಹುಡುಗ ಒಂದೊಂದಕ್ಕೂ ಗುರುತು ಹಾಕಿಕೊಂಡ.
‘ಬಟ್ಟೆ ತೊಳೆಯಲು ನೀರು ಎಲ್ಲಿಂದ?’

ಯಾರೂ ಮಾತಾಡಲಿಲ್ಲ.
ಹಿತ್ತಲ ಬೋರ್‌ವೆಲ್ಲಿನ ಮೋಟಾರು ಮಾತ್ರ ಮಾತಾಡುತ್ತಿತ್ತು.

ಒಂದು ಬಟ್ಟೆಗೆ ಎಷ್ಟು ಕೊಡ, ನನಗೆ ಗೊತ್ತು.
ಓಣಿಯಲ್ಲಿ ಎಷ್ಟು ಮೋಟಾರು, ಅದೂ ಗೊತ್ತು.
ಸಮುದ್ರ ಏರಿದ್ದು ನಿಜ.
ಕಾಲಡಿಯ ನೀರನ್ನು ಹೀರಿ ಹೀರಿ
ನಾವು ಇಳಿದದ್ದೂ ನಿಜ.
ಅದು ಅರ್ಧ ದಾರಿ, ನಾವು ಅರ್ಧ ದಾರಿ
ನಡೆದು ಭೇಟಿಯಾಗಿದ್ದೇವೆ.

ಆ ರಾತ್ರಿ ಅವರು ನನ್ನ ಪುಸ್ತಕ ತರಿಸಿಕೊಂಡರು.
ನಾಲ್ಕು ದುರಸ್ತಿಗಳನ್ನು ಬೆರಳಲ್ಲೇ ಕೂಡಿ,
‘ಇಷ್ಟಕ್ಕೆ ಬೇರೆ ಊರೇ ಬರುತ್ತಿತ್ತು’ ಎಂದರು.
ಬಂತು. ದಕ್ಷಿಣಕ್ಕೆ, ಏರುದಾರಿಯಲ್ಲಿ,
ಮುಚ್ಚಿದ್ದ ಒಂದು ಅಕ್ಕಿ ಗಿರಣಿ, ಬಾಡಿಗೆಗೆ.
ಮಳೆನೀರಿಗೆ ಎರಡು ತೊಟ್ಟಿ. ಮೂರನೆಯ ತೊಳೆತದ ನೀರು
ಮರುದಿನದ ಮೊದಲ ತೊಳೆತಕ್ಕೆ.
ಹಳೆಯ ಮೋಟಾರಿನ ಫ್ಯೂಜು ಅವರ ಕೈಚೀಲದಲ್ಲಿ.

ಮೊದಲ ದಿನ ತರ್ಜೋನೊ ಗಿರಣಿಯ ಹೆಬ್ಬಾಗಿಲನ್ನು
ತಲೆ ತಗ್ಗಿಸಿಕೊಂಡೇ ದಾಟಿದ.
ಮೇಲೆ ಹದಿನೆಂಟು ಅಡಿ ಖಾಲಿ ಗಾಳಿ.
ಯಾರೂ ನಗಲಿಲ್ಲ.

ಮುದುಕಿ ಸರ್ಕೀನಾ ಬರಲಿಲ್ಲ.
ಅವಳಷ್ಟು ಸಣ್ಣ ಚುಕ್ಕಿ ಇಡುವ ಕೈ ಇನ್ನೊಂದಿಲ್ಲ.
ಕೇಳಲು ಹೋದೆ. ಇಟ್ಟಿಗೆ ಇಟ್ಟ ಮಂಚದ ಮೇಲೆ ಕೂತು,
ಕಾಲು ನೀರಿಗೆ ಬಿಟ್ಟುಕೊಂಡು ಹೇಳಿದಳು:
‘ಕಾರ್ಖಾನೆ ಗುಡ್ಡ ಹತ್ತಿತಲ್ಲ, ಸಂತೋಷ.
ನಾನು ಅಲ್ಲಿದ್ದಾಗ ಇಲ್ಲಿಗೆ ಉಬ್ಬರ ಬಂದರೆ
ಅಕ್ಕಿ ಎತ್ತಿಡುವವರು ಯಾರು?’

ಹೇಳಿದ್ದನ್ನು ಹಾಗೇ ಒಯ್ದು ಮುಟ್ಟಿಸಿದೆ.
ಬು ವಿರಾಂತಿ ಬಹಳ ಹೊತ್ತು
ಮೇಣದ ಬಾಣಲೆಯನ್ನೇ ನೋಡಿದರು.
‘ಮೂರು ಲಾರಿ ಕಳಿಸು, ಅವಳ ಮನೆಗೆ.
ಆಮೇಲೆ ಉಳಿದವರ ಮನೆಗಳದೂ ಪಟ್ಟಿ ಮಾಡು.’
‘ಯಾವ ಖಾತೆಗೆ?’ ಎಂದೆ.
ಉತ್ತರ ಬರಲಿಲ್ಲ.

ಹೊಸ ಹಾಳೆಗೆ ಗೆರೆ ಎಳೆದು
ಮೇಲೆ ‘ಮಣ್ಣು’ ಎಂದು ಬರೆದಿದ್ದೇನೆ.
ಖರ್ಚಿನ ಕಡೆ ಆಗಲೇ ಏಳು ಮನೆ.
ಜಮೆಯ ಕಡೆ ಏನು ಬರೆಯುವುದೆಂದು
ಇನ್ನೂ ಹೊಳೆದಿಲ್ಲ.