ಕರೆಗಂಟೆ

ಹತ್ತೊಂಬತ್ತು ವರ್ಷ ನಾನು ಗೋಡೆಗೊರಗಿ ನಿಂತವಳು.
ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಹಾಳೆ,
ಹಾಳೆಯ ತುಂಬ ಚೌಕದ ಮನೆಗಳು.
ಪರೀಕ್ಷಕಿ ನಗಬಾರದು. ತಲೆಯಾಡಿಸಬಾರದು.
ಹುಬ್ಬು ಕೂಡ ಏನನ್ನೂ ಹೇಳಬಾರದು.

ಲೂಯಿಸ್ಟನ್ನಿನ ಹಳೆಯ ಬಟ್ಟೆಗಿರಣಿಯ ಎರಡನೇ ಮಹಡಿ.
ನನ್ನಮ್ಮ ಮಗ್ಗದ ಮುಂದೆ ನಿಂತು ನಿಂತು ಕಿವುಡಾದ ಕಟ್ಟಡದಲ್ಲಿ
ಈಗ ನಾಲ್ಕು ಮಂಚ, ಒಂದು ಸಿಂಕು,
ಒಬ್ಬಳು ಬೆತ್ತಲೆ ಪ್ಲಾಸ್ಟಿಕ್ ಮುದುಕಿ.
ಎಲ್ಲ ಬ್ಯಾಚಿನವರೂ ಅವಳ ಮೈ ತೊಳೆದವರೇ,
ಒಬ್ಬರಿಗೂ ಥ್ಯಾಂಕ್ಸ್ ಅಂದವಳಲ್ಲ.

ಬಾಗಿಲು ತಟ್ಟು. ಹೆಸರು ಹೇಳು. ಪರದೆ ಎಳೆ.
ಕೈ ತೊಳೆ, ಇಪ್ಪತ್ತು ಎಣಿಸುವ ತನಕ, ಬೆರಳ ಸಂದಿಯೂ ಬಿಡದೆ;
ಸಿಂಕಿನ ಅಂಚು ತಾಗಿತೋ, ಮತ್ತೆ ಮೊದಲಿಂದ.
ಕಣ್ಣು ಒರೆಸುವುದು ಮೂಗಿನ ಕಡೆಯಿಂದ ಕಿವಿಯ ಕಡೆಗೆ,
ಒಂದೊಂದು ಕಣ್ಣಿಗೆ ಬಟ್ಟೆಯ ಒಂದೊಂದು ಮೂಲೆ.
ಸೋತ ತೋಳಿಗೆ ಅಂಗಿ ಮೊದಲು,
ಬಿಚ್ಚುವಾಗ ಅದೇ ಕೊನೆಗೆ.
ನಾಡಿ ಹಿಡಿದರೆ ಪೂರಾ ಒಂದು ನಿಮಿಷ;
ನನ್ನ ಲೆಕ್ಕಕ್ಕೂ ನಿನ್ನ ಲೆಕ್ಕಕ್ಕೂ
ನಾಲ್ಕು ಬಡಿತದ ಅಂತರವಾದರೆ ಮಾಫಿ, ಐದಾದರೆ ಇಲ್ಲ.
ಕೊನೆಗೆ, ಹೊರಡುವ ಮುನ್ನ,
ಕರೆಗಂಟೆ ಕೈಗೆಟುಕುವಲ್ಲಿ ಇಡು.

ಲುಡಿವೀನ್ ಪೆಲ್ಟಿಯೆ ಗಂಟೆ ಮರೆತಳು.

ಆರು ವರ್ಷ ಅಜ್ಜಿಯ ಹೇಲು ಉಚ್ಚೆ ಬಳಿದ ಹುಡುಗಿ,
ಬೇಕರಿಯ ರಾತ್ರಿ ಪಾಳಿ ಮುಗಿಸಿ ನೆಟ್ಟಗೆ ಬಂದಿದ್ದಳು,
ರೆಪ್ಪೆಯಲ್ಲಿನ್ನೂ ಮೈದಾ ಹಿಟ್ಟು.
ರೋಗಿಯಾಗಿ ಮಲಗಿದ್ದ ಗೆಳತಿಯ ಮೊಣಕೈಯನ್ನು ಅವಳು ಎತ್ತಿದ ಬಗೆ,
ನಿದ್ದೆಹೋದ ಕೂಸಿನ ಮುಷ್ಟಿಯಿಂದ
ಬಿಸ್ಕತ್ತು ಬಿಡಿಸಿಕೊಂಡ ಹಾಗೆ.
ಹಾಳೆಯಲ್ಲಿ ಅದಕ್ಕೆ ಮನೆಯಿಲ್ಲ.

ನಿಯಮವಿದೆ: ತಪ್ಪು ತಿದ್ದಿಕೊಳ್ಳುತ್ತೇನೆಂದು ಬಾಯಿಬಿಟ್ಟು ಹೇಳಿದರೆ
ತಿದ್ದಿಕೊಳ್ಳಬಹುದು, ಸಮಯ ಮುಗಿಯುವ ತನಕ.
ಗಡಿಯಾರದಲ್ಲಿನ್ನೂ ಎರಡು ನಿಮಿಷ. ಕಾದೆ.
ಅವಳು ಕೈ ತೊಳೆದು, ಈ ಕಡೆ ತಿರುಗಿ
ಆಯಿತು ಎಂದು ನಕ್ಕಳು.
ಅವಳ ಹಿಂದೆ ಗಂಟೆ, ಸರಳಿಗೆ ಜೋತು, ಇನ್ನೂ ತೂಗುತ್ತಿತ್ತು.
ಒಂದು ಗೀಟು ಎಳೆದೆ.

ಮತ್ತೆ ಕಟ್ಟಿದಳೋ, ಬೇಕರಿಯಲ್ಲೇ ಉಳಿದಳೋ
ನನ್ನನ್ನು ಕೇಳಬೇಡಿ. ನಾನೂ ಕೇಳಲಿಲ್ಲ.

ಈಗ ಜನವರಿ. ಮಂಜುಗಟ್ಟಿದ ಮೆಟ್ಟಿಲು, ಮುರಿದ ಸೊಂಟ,
ಹದಿನೇಳನೇ ಕೋಣೆ. ನಾನೇ ಪ್ಲಾಸ್ಟಿಕ್ ಮುದುಕಿ.
ರಾತ್ರಿ ಪಾಳಿಯವಳು ಬಾಗಿಲು ತಟ್ಟದೆ ಒಳಬಂದಳು: ಒಂದು ಅಂಕ ಹೋಯಿತು.
ಹೆಸರು ಹೇಳಲಿಲ್ಲ: ಇನ್ನೊಂದು.
ಎದೆಯ ಬಿಲ್ಲೆಯಲ್ಲಿ ಓದಿಕೊಂಡೆ, ಫುರಾಹ.
ಕಾಂಗೋದಲ್ಲಿ ಹೈಸ್ಕೂಲು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದಳಂತೆ;
ಇಲ್ಲಿ ಕೈ ತೊಳೆಯುವುದನ್ನು ಹೊಸದಾಗಿ ಕಲಿತಳಂತೆ.

ಮಗ್ಗುಲು ತಿರುಗಿಸುವಾಗ ಡೂಸ್‌ಮಾಂ, ಡೂಸ್‌ಮಾಂ ಎಂದಳು,
ಮೆಲ್ಲಗೆ, ಮೆಲ್ಲಗೆ.
ಆಡಿದರೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು ಶಾಲೆಯಲ್ಲಿ,
ಅಮ್ಮನ ಆ ಭಾಷೆ ಅರವತ್ತು ವರ್ಷದ ಮೇಲೆ
ನನ್ನ ಬೆನ್ನ ಹಿಂದಿನಿಂದ ಬಂತು.
ಅವಳ ಊರಿಗೆ ಅದು ಬೇರೆ ದಾರಿಯಲ್ಲಿ ಹೋಗಿತ್ತು, ಬಂದೂಕು ಹೊತ್ತು.

ಅವಳು ಹೊರಟಳು. ಗಂಟೆ ಸರಳಿನ ಮೇಲೆ,
ನನ್ನ ಬೆರಳಿಗೆ ಒಂದು ಗೇಣು ದೂರ.
ಕೂಗಲಿಲ್ಲ. ಪರೀಕ್ಷಕಿ ಮಾತಾಡಬಾರದು.
ಬಾಯಾರಿತು. ನನ್ನ ನಾಡಿ ನಾನೇ ಹಿಡಿದು ಎಣಿಸಿದೆ,
ಎಪ್ಪತ್ತೆರಡು, ಎಪ್ಪತ್ತಮೂರು;
ಹಿಮ ಬಳಿಯುವ ಲಾರಿ ಬೀದಿಯುದ್ದ ಕೆರೆದುಕೊಂಡು ಹೋಗಿ
ಲೆಕ್ಕ ತಪ್ಪಿತು.

ಎರಡು ಗಂಟೆಗೆ ಮತ್ತೆ ಬಾಗಿಲು. ಈ ಸಲ ತಟ್ಟಿದಳು.
ಹನ್ನೊಂದನೇ ಕೋಣೆಯಲ್ಲಿ ಹಾಸಿಗೆ ಬದಲಿಸುತ್ತಿದ್ದೆ,
ಅರ್ಧದಲ್ಲಿ ನೆನಪಾಯಿತು ನಿನ್ನ ಗಂಟೆ, ಎಂದಳು.
ಅಂಗೈಯೊಳಗಿಟ್ಟು ನನ್ನ ಬೆರಳು ಒಂದೊಂದಾಗಿ ಮಡಚಿದಳು.

ಸಮಯ, ನಿಯಮದ ಪ್ರಕಾರ, ಯಾವಾಗಲೋ ಮುಗಿದಿತ್ತು.
ಲುಡಿವೀನ್, ಅವತ್ತು ಎರಡು ನಿಮಿಷ ಇತ್ತು ನಿನಗೆ.
ನನಗೂ.

ಹೆಜ್ಜೆ ಸದ್ದು ಹನ್ನೊಂದರತ್ತ ಹೋಯಿತು.
ನೀರು ಕೇಳುವುದನ್ನೇ ಮರೆತಿದ್ದೆ.
ಒತ್ತಿದೆ.