ಎರಡು ಬೆರಳು ಮಡಿಕಿ

ಈ ಸಾಲಿ ನನಗ ಗೊತ್ತು, ಒಳಗ ಕಾಲಿಟ್ಟಿಲ್ಲ ಅಷ್ಟ.
ಇದರ ಕಾಲರು ಗೊತ್ತು: ದುಂಡಗ, ಅಂಚಿಗೆ ಬಿಳಿ ಪೈಪಿಂಗು;
ಸೊಂಟದ ಪಟ್ಟಿ ಗೊತ್ತು, ಎಡಕ್ಕ ನಾಕು ಬಲಕ್ಕ ನಾಕು ನಿರಿಗಿ,
ಕಿಸೆ ಒಂದ,
ಒಂದು ಕರವಸ್ತ್ರ ಹಿಡಿಯುವಷ್ಟು.
ಮೇ ತಿಂಗಳ ತುಂಬ ಧಾರಾವಿಯ ಮಾಳಿಗಿ ಮ್ಯಾಲ
ಫ್ಯಾನು ಬಿಸಿಗಾಳಿನ ತಿರುವಿ ತಿರುವಿ ಕೊಡುವಾಗ
ದಿನಕ್ಕ ಇಪ್ಪತ್ತು ಮರೂನು ಫ್ರಾಕು ಕೆಳಗಿಳಿಸೀನಿ.
ಒಂದಕ್ಕ ಮೂವತ್ತೆರಡು ರೂಪಾಯಿ,
ದಾರ ನಂದ.

ಇವತ್ತು ಶನಿವಾರ. ಓಪನ್ ಡೇ ಅಂತ,
ಗೇಟಿನಾಗ ಬಲೂನು ಕಟ್ಯಾರ.
ವಾಚಮನ್ ಕಾಕಾ ನಕ್ಕೋತ "ಪಾಲಕ್?" ಅಂದ.
ನಾ ಹಿಂದ ತಿರುಗಿ ನೋಡಿದೆ, ಯಾರಿಗಂದ ಅಂತ.
ನೀಲಿ ಬಟ್ಟು ಜಗ್ಗಿದಳು: "ಯವ್ವಾ, ನಾವ."

ಇದು ಗ್ರಂಥಾಲಯ, ಇದು ಕಂಪ್ಯೂಟರು,
ಇದು ಮಣ್ಣಾಗ ಆಡೋ ಖೋಲಿ.
ಮಣ್ಣಿಗೂ ಒಂದು ಖೋಲಿ!
ಬಾಜೂಕಿನ ಪಾಲಕರು ಬರಕೊಂಡು ಬಂದಿದ್ದರು, ಕೇಳಿದರು:
ಮಗ್ಗಿ ಬಾಯಿಪಾಠ ಮಾಡಸ್ತೀರೋ ಇಲ್ಲೋ,
ಶೇಂಗಾ ಆಗದ ಹುಡುಗರಿಗೆ ಬ್ಯಾರೆ ಬೆಂಚೋ,
ಬಸ್ಸಿನಾಗ ಕ್ಯಾಮೆರಾ ಐತೋ.
ನನ್ನ ಹತ್ರನೂ ಒಂದು ಪ್ರಶ್ನೆ ಇತ್ತು.
ಆಡಿ ಆಡಿ ಬಗಲು ಹರಕೊಂಡರ ಇಲ್ಲಿ ಯಾರು ಹೊಲೀತಾರ?
ಕೇಳಲಿಲ್ಲ.

ದಾರಿ ತೋರಿಸಾಕ ಒಬ್ಬ ಹುಡುಗಿ, ನಾಕನೇತ್ತ,
ಎದಿ ಮ್ಯಾಲ ಚೀಟಿ: ಅನಾಹಿತಾ.
ಮೆಟ್ಟಲ ಮೆಟ್ಟಲಿಗೂ ಏನೋ ಒಪ್ಪಿಸತಿದ್ದಳು, ಇಂಗ್ಲೀಷನ್ಯಾಗ, ಉಸಿರು ಬಿಡದಂಗ.
ನಾ ಅಕಿ ಮಾತು ಕೇಳಲಿಲ್ಲ,
ಅಕಿ ಫ್ರಾಕು ನೋಡಿದೆ.
ಇಪ್ಪತ್ತಾರು ನಂಬರು. ಹೋದ ವರ್ಷದ್ದು.
ಕೆಳಗಿನ ಮಡಿಕಿ ಬಿಚ್ಚಿ ಉದ್ದ ಮಾಡ್ಯಾರ,
ಹಳೆ ಗೆರಿ ಹಂಗ ಉಳದೈತಿ,
ಗೆರಿ ಮ್ಯಾಲ ಬಿಸಲುಂಡ ಬಣ್ಣ,
ಗೆರಿ ಕೆಳಗ ಥಾನಿನಿಂದ ಈಗ ಹರದಂಥ ಮರೂನು,
ಎರಡು ಬೆರಳು.

ಎರಡು.
ಒಂದ ಬೆರಳು ಬಿಡು ಅಂತಾನ ಮುಕಾದಮ, ಬಟ್ಟಿ ಉಳೀತೈತಿ.
ನಾ ಕಟಿಂಗ್ ಮಾಸ್ತರಗ ಚಹಾ ಕುಡಿಸಿ ಎರಡು ಬಿಡಸ್ಕೋತೀನಿ.
ಯಾಕಂದ್ರ ಏನಂತ ಹೇಳಲಿ, ಮಕ್ಕಳು ಬೆಳೀತಾವ.
ಮಾಳಿಗಿ ಮ್ಯಾಲ ಹದಿನಾಕು ಮಿಶಿನ್ನು,
ಹದಿಮೂರರ ಕೆಳಗ ಒಂದ ಬೆರಳು.
ಇದು ನಂದು.

ಹಿಂದಗಡೆ ಗೇಣುದ್ದ ಜೋತಾಡತಿತ್ತು,
ಬಿಚ್ಚಿದವರು ಮತ್ತ ಹೊಲದದ್ದು ಕಚ್ಚಾ.
"ನಿಲ್ಲು ಬೇಟಾ" ಅಂದು ಸೆರಗಿನ ಪಿನ್ನು ತಗದೆ,
ಮೆಟ್ಟಲ ಮ್ಯಾಲ ಮೊಣಕಾಲೂರಿ
ಒಳಗಿಂದ ಹಾಕಿದೆ, ಚರ್ಮಕ್ಕ ತಾಗದಂಗ.
ಪಾಲಕರ ಸಾಲು ನಮ್ಮನ್ನ ಬಳಸಿ ಮ್ಯಾಲ ಹೋತು.
ಹುಡುಗಿ ಏನೋ ಕೇಳಿದಳು.
ನೀಲಿ ಮರಾಠಿಯಾಗ ಹೇಳಿದಳು, ಗೋಡಿ ಕಡೆ ನೋಡಕೋತ:
"ಇದನ್ನ ನಮ್ಮವ್ವ ಹೊಲದಾಳ."
ನಾ ತುಟಿ ಬಿಚ್ಚಿದ್ದಿಲ್ಲ.
ಮಿಶಿನ್ನಿನ ಬುಡಕ ಚಿಂದಿ ಮ್ಯಾಲ ಮಲಗಿ ಬೆಳದಾಕಿ,
ಏನೇನು ಎಣಿಸಿ ಇಟಗೊಂಡಾಳೋ.

ಕಡೀಕ ಒಂದು ಫಾರಮ್ಮು.
ನಮ್ಮ ಸಾಲಿ ಬಗ್ಗೆ ನಿಮಗ ಹೆಂಗ ಗೊತ್ತಾತು?
ಗೆಳೆಯರು, ಜಾಹೀರಾತು, ಇಂಟರ್ನೆಟ್, ಇತರೆ.
ಇತರೆಕ್ಕ ಗೀಟು ಹಾಕಿದೆ.
ಅದರ ಮುಂದ ಬರಿಯಾಕ ಜಾಗ ಇತ್ತು, ಒಂದು ಕಾಜಾದಷ್ಟು.

"ಲಾಟರಿ ಸೀಟಿನವರು ಇತ್ತ ಬರ್ರಿ" ಅಂದ ಗುಮಾಸ್ತ,
ದನಿ ತಗ್ಗಿಸಿ, ಪಾಪ, ನನಗ ನಾಚಿಕಿ ಆಗಬಾರದಂತ.
ಒಂದು ಯಾದಿ ಕೊಟ್ಟ:
ಆಧಾರ, ಉತ್ಪನ್ನದ ದಾಖಲಿ, ಬಾಡಿಗಿ ಕರಾರು.
ಮಾಳಿಗಿಗೆ ಕರಾರು ಯಾರು ಬರಕೊಡತಾರ?
"ಹೆಸರು ಬಂದ್ರ ಮೆಸೇಜು ಬರತೈತಿ."
ಬರದಿದ್ರ?
"ಬರೂದಿಲ್ಲ."

ಸಾಯನ್ ಕಡೆ ಇಳಿಯುವಾಗ ನೀಲಿ ಮುಂದ ಮುಂದ,
ಕೈಯಾಗ ಸಾಲಿಯವರ ಬಿಸ್ಕೀಟು.
ಭುಜ ಹತ್ತು, ಉದ್ದ ಇಪ್ಪತ್ತೆರಡು, ಅಂತು ಕಣ್ಣು, ತಾನ.
ಬ್ಯಾಡ ಅಂದೆ ಕಣ್ಣಿಗೆ.
ಪಿನ್ನಿಲ್ಲದ ಸೆರಗು ಜಾರತಿತ್ತು.
ಒಂದು ಕೈಯಾಗ ಸೆರಗು, ರಸ್ತೆ ದಾಟುವಾಗ
ಒಂದು ಕೈಯಾಗ ನೀಲಿ,
ಯಾದಿ ಹಲ್ಲಾಗ.